ಹಳ್ಳಿಗೆ ರಸ್ತೆ ಬಂದರೆ ರೈತರ ಬಡತನ ಕಡಿಮೆ ಆಗುತ್ತಾ?

ಸ್ವಲ್ಪ ಆಗುತ್ತದೆ, ಆದರೆ ರಸ್ತೆ ಒಂದೇ ಸಾಲದು.

ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಈರುಳ್ಳಿಯನ್ನೇ ನೋಡಿ. ಬೆಳೆ ಕೀಳುವ ಹೊತ್ತಿಗೆ ಮಳೆ ಹಿಡಿದು ದಾರಿ ಕೆಸರಾದರೆ ಲಾರಿ ಒಳಗೆ ಬರುವುದಿಲ್ಲ, ನಾಲ್ಕು ದಿನ ತಡವಾದರೆ ಗಡ್ಡೆ ಕೊಳೆಯುತ್ತದೆ, ಆಗ ಊರಿಗೇ ಬಂದ ದಲ್ಲಾಳಿ ಹೇಳಿದ್ದೇ ರೇಟು. ಒಳ್ಳೆ ರಸ್ತೆ ಇದ್ದರೆ ರಾತ್ರಿ ಲೋಡ್ ಮಾಡಿ ಬೆಂಗಳೂರಿನ ಯಶವಂತಪುರಕ್ಕೆ ಕಳಿಸಬಹುದು. ಬೀಜ, ಗೊಬ್ಬರ ತರುವ ಬಾಡಿಗೆಯೂ ಇಳಿಯುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿದ್ದು 2000ದ ಡಿಸೆಂಬರ್‌ನಲ್ಲಿ. ಬಯಲು ಪ್ರದೇಶದಲ್ಲಿ 500 ಜನ ಇರುವ ಊರಿಗೂ ಮಳೆಗಾಲದಲ್ಲಿ ಓಡಾಡಬಹುದಾದ ರಸ್ತೆ ಕೊಡುವುದು ಅದರ ಗುರಿ. ಈ ರಸ್ತೆಗಳ ಬಗ್ಗೆ ಆಶರ್ ಮತ್ತು ನೊವೊಸಾಡ್ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಸ್ತೆ ಆದ ಮೇಲೆ ಹೊಲದ ಕೆಲಸ ಬಿಟ್ಟು ಬೇರೆ ಕೂಲಿಗೆ ಹೋಗುವವರು ಜಾಸ್ತಿಯಾದರು, ಆದರೆ ಬೇಸಾಯದಲ್ಲಿ, ಆದಾಯದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ.

ಇದು ನನಗೆ ಆಶ್ಚರ್ಯ ಅನಿಸಲಿಲ್ಲ. ದಾವಣಗೆರೆ ಹತ್ತಿರ ಭದ್ರಾ ನಾಲೆ ಇದೆ, ಭತ್ತ ಬೆಳೆಯುತ್ತಾರೆ. ಜಗಳೂರಿನಲ್ಲಿ ಮಳೆ ನಂಬಿ ಮೆಕ್ಕೆಜೋಳ ಹಾಕುತ್ತಾರೆ. ಮಳೆಯೇ ಕೈಕೊಟ್ಟರೆ ರಸ್ತೆಯಲ್ಲಿ ಸಾಗಿಸುವುದಕ್ಕೆ ಏನಿರುತ್ತದೆ? ಬೆಳೆ ಬಂದರೂ ಕಣ ಇಲ್ಲದೆ ಕಾಳನ್ನು ಡಾಂಬರಿನ ಮೇಲೆ ಒಣಗಿಸುತ್ತಾರೆ, ತೇವ ಇದೆ ಅಂತ ಮಂಡಿಯಲ್ಲಿ ದರ ಇಳಿಸುತ್ತಾರೆ. ಸಾಲ ತೀರಿಸಬೇಕಲ್ವಾ, ಕಾಯುವುದಕ್ಕೂ ಆಗುವುದಿಲ್ಲ, ಬಂದ ದರಕ್ಕೆ ಕೊಟ್ಟು ಬರುತ್ತಾರೆ. ಅದಕ್ಕೇ ರಸ್ತೆ ಜೊತೆಗೇ ನೀರು, ಕಣ, ಗೋದಾಮು ಕೇಳಬೇಕು.