ಕೊಳೆತ ಟ್ರಾನ್ಸಮ್‌ಗೆ ಮೇಲಿಂದ ಹಲಗೆ ಹೊಡೆಯಬೇಡಿ, ಒಳಗಿಂದ ಬಿಚ್ಚಿ ಕಟ್ಟಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಕರಾವಳಿಯಿಂದ ತಂದ ಹಳೇ 14 ಅಡಿ ಫೈಬರ್ ದೋಣಿ, 15 ಎಚ್‌ಪಿ ಎಂಜಿನ್, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೀನಿಗೆ ಹೋಗುತ್ತೀರಿ. ಈಗ ಥ್ರಾಟಲ್ ಕೊಟ್ಟರೆ ಎಂಜಿನ್ ಹಿಂದೆ ಮುಂದೆ ಆಡುತ್ತದೆ, ಬೋಲ್ಟ್ ಬುಡದಿಂದ ಕಂದು ನೀರು ಇಳಿಯುತ್ತದೆ. ಬಡಗಿ ಒಳಗಡೆಯಿಂದ ಒಂದು ತೇಗದ ಹಲಗೆ ಕೊಟ್ಟು ಬೋಲ್ಟ್ ಹಾಕೋಣ ಅಂದರು, ಇನ್ನೊಬ್ಬರು ಎರಡೂ ಕಡೆ ಅಲ್ಯೂಮಿನಿಯಂ ಪ್ಲೇಟ್ ಕೊಟ್ಟರೆ ಸಾಕು ಅಂದರು. ಎರಡೂ ಬೇಡ. ಯಾಕೆ ಅಂತ ಮೊದಲು ಹೇಳಿ, ಆಮೇಲೆ ಕೆಲಸಕ್ಕೆ ಬರುತ್ತೇನೆ. ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ದೋಣಿಯ ಹಿಂಬದಿ ಗೋಡೆಯೇ ಟ್ರಾನ್ಸಮ್. ಹೊರಗೊಂದು ಫೈಬರ್ ಪದರ, ಒಳಗೊಂದು ಪದರ, ನಡುವೆ ಪ್ಲೈವುಡ್. ಅದು ಗಟ್ಟಿ ಇರುವುದು ಬರೀ ಪ್ಲೈಯಿಂದಲ್ಲ. ಪ್ಲೈ ಎರಡೂ ಪದರಕ್ಕೆ ಅಂಗುಲ ಅಂಗುಲವೂ ಅಂಟಿಕೊಂಡಿರುವುದರಿಂದ. ಅಂಟು ಬಿಟ್ಟ ದಿನ ಮೂರೂ ಬೇರೆ ಬೇರೆ ಆಗುತ್ತವೆ, ಒಂದೊಂದೂ ಬಾಗುತ್ತದೆ. 15 ಎಚ್‌ಪಿ ಟೂ-ಸ್ಟ್ರೋಕ್ ಎಂಜಿನ್ 35–40 ಕೆಜಿ ತೂಗುತ್ತದೆ, ಆದರೆ ತೂಕ ದೊಡ್ಡ ವಿಷಯ ಅಲ್ಲ. ಫ್ಯಾನು (ಪ್ರೊಪೆಲ್ಲರ್) ನೀರಿನೊಳಗೆ ತಳ್ಳುವಾಗ ಎಂಜಿನ್ ಕೂರಿಸುವ ಬ್ರಾಕೆಟ್‌ನ ಕೆಳತುದಿ ಟ್ರಾನ್ಸಮ್ ಅನ್ನು ಮುಂದಕ್ಕೆ ಒತ್ತುತ್ತದೆ, ಮೇಲಿನ ಬೋಲ್ಟುಗಳನ್ನು ಹಿಂದಕ್ಕೆ ಎಳೆಯುತ್ತದೆ. ಮೆತ್ತಗಾದ ಮರಕ್ಕೆ ಪ್ಲೇಟ್ ಕೊಟ್ಟು ಬಿಗಿದರೆ ಮರ ಇನ್ನಷ್ಟು ಕುಸಿಯುತ್ತದೆ, ಬೋಲ್ಟ್ ಮತ್ತೆ ಸಡಿಲ ಆಗುತ್ತದೆ. ಅದರ ಮೇಲೆ ನಮ್ಮ ಹಿನ್ನೀರಿನ ಕಥೆ ನಿಮಗೇ ಗೊತ್ತು. 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಎಂಜಿನ್ ಕಾಲು ಒಂದಕ್ಕೆ ತಾಗಿದರೆ ಆ ಪೆಟ್ಟು ಪೂರಾ ಟ್ರಾನ್ಸಮ್‌ಗೆ ಬರುತ್ತದೆ. ಅದಕ್ಕೇ ತೇಪೆ ಹಾಕಿ ನೀರಿಗಿಳಿಯಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತೇಗದ ವಿಷಯ. ಮನೆಯಲ್ಲಿ ಒಳ್ಳೇ ತೇಗವೋ ಹೊನ್ನೆಯೋ ಇದ್ದರೆ ಹಾಕೋಣ ಅನ್ನಿಸುವುದು ಸಹಜ. ಆದರೆ ಇಡೀ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಫೈಬರ್ ಹಾಗೆ ಆಡುವುದಿಲ್ಲ, ಹಾಗಾಗಿ ನಡುವಿನ ಅಂಟು ಕಿತ್ತುಕೊಳ್ಳುತ್ತದೆ. ತೇಗದಲ್ಲಿ ಎಣ್ಣೆ ಅಂಶ ಬೇರೆ ಇದೆ, ರೆಸಿನ್ (ಫೈಬರ್ ಕೆಲಸಕ್ಕೆ ಬಳಸುವ, ಗಟ್ಟಿಯಾಗುವ ಅಂಟು ದ್ರವ) ಸರಿಯಾಗಿ ಹಿಡಿಯುವುದಿಲ್ಲ. ಪ್ಲೈಯಲ್ಲಿ ಪದರಗಳು ಅಡ್ಡ-ಉದ್ದ ಇರುವುದರಿಂದ ಈ ಆಟ ಇಲ್ಲ. ಅಡುಗೆಮನೆ ಕಪಾಟಿಗೆ ಹಾಕುವ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡ್ ಕೊಳೆಯುವುದಿಲ್ಲ ನಿಜ, ಆದರೆ ಪ್ಲೈಯಷ್ಟು ಬಿಗಿ ಅದಕ್ಕಿಲ್ಲ. ಎಂಜಿನ್ ಕೂರಿಸುವ ಜಾಗಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಮೊದಲು ಎಲ್ಲಿವರೆಗೆ ಕೊಳೆತಿದೆ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಇಡೀ ಟ್ರಾನ್ಸಮ್ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ, ಕೊಳೆತ ಜಾಗ ಡಬ್ ಡಬ್ ಅಂತ ಸತ್ತ ಶಬ್ದ ಕೊಡುತ್ತದೆ. ಆಮೇಲೆ ಒಳಬದಿಯಿಂದ ಮಾತ್ರ 6 ಎಂಎಂ ಬಿಟ್‌ನಲ್ಲಿ ಅಲ್ಲಲ್ಲಿ ತೂತು ಹಾಕಿ, ಹೊರ ಪದರ ತಾಗಬಾರದು. ಬಿಟ್‌ಗೆ ಸುತ್ತಿಕೊಂಡು ಬರುವ ಮರದ ಪುಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಬಿಳಿ, ಒಣ ಪುಡಿ ಬಂದರೆ ಒಳ್ಳೇದು. ಕಪ್ಪಾಗಿ, ಹಿಂಡಿದರೆ ನೀರು ಬಿಡುವಂತೆ, ಹುಳಿ ವಾಸನೆ ಬಂದರೆ ಅಲ್ಲಿ ಮರ ಮುಗಿದಿದೆ. ತಳದ ನೀರು ಬಿಡುವ ತೂತಿನ ಸುತ್ತ, ಬೋಲ್ಟ್ ಕೆಳಗೆ, ಮೂಲೆಗಳಲ್ಲಿ ನೋಡುವುದು ಮರೆಯಬೇಡಿ. ತಳದ ಉದ್ದ ಪಟ್ಟಿಗಳ ಹಿಂತುದಿಯಲ್ಲೂ ಒಂದು ತೂತು ಹಾಕಿ, ಟ್ರಾನ್ಸಮ್ ನೀರು ಕುಡಿದರೆ ಪಕ್ಕದಲ್ಲಿರುವ ಅವಕ್ಕೂ ಹೋಗಿರುವ ಸಾಧ್ಯತೆ ಜಾಸ್ತಿ. ಸಮುದ್ರದಲ್ಲಿದ್ದಷ್ಟು ದಿನ ಚೆನ್ನಾಗಿದ್ದ ದೋಣಿ ಇಲ್ಲಿಗೆ ಬಂದು ಹೇಗೆ ಕೊಳೆಯಿತು ಅಂತ ಕೇಳಿದಿರಲ್ಲ, ಉಪ್ಪು ನೀರು ಮರ ತಿನ್ನುವ ಶಿಲೀಂಧ್ರವನ್ನು ಸ್ವಲ್ಪ ತಡೆಯುತ್ತದೆ. ಮಳೆ ನೀರು ತಡೆಯುವುದಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಹೊರಗೆ ಬಿಟ್ಟ ದೋಣಿಗೆ ಇದೇ ಶತ್ರು.

ಕೆಲಸದ ಕಾಲ ಮುಖ್ಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೈ ಹಾಕಲೇಬೇಡಿ, ಗಾಳಿಯಲ್ಲಿರುವ ತೇವಕ್ಕೆ ಮರವೂ ಒಣಗುವುದಿಲ್ಲ, ಅಂಟೂ ಸರಿ ಹಿಡಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಳೆ ಇರುವುದಿಲ್ಲ, ಆದರೆ ಅಡಿಕೆ ಒಣಗಿಸಲು ಅಂಗಳ ಬೇಕು. ಫೈಬರ್ ಉಜ್ಜಿದ ಧೂಳು ಅಡಿಕೆಯ ಹತ್ತಿರವೂ ಕೊಟ್ಟಿಗೆಯ ಹತ್ತಿರವೂ ಬೇಡವೇ ಬೇಡ. ಫೆಬ್ರವರಿ, ಮಾರ್ಚ್ ಒಳ್ಳೇ ಹೊತ್ತು. ಅಂಗಳ ಖಾಲಿ, ಹಿನ್ನೀರೂ ಇಳಿದಿರುತ್ತದೆ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ರೆಸಿನ್ ಕಲಸಿ, ಸಂಜೆ ತಂಪಾಗುವ ಮೊದಲು ನಿಲ್ಲಿಸಿ.

ದೋಣಿಯನ್ನು ಚಪ್ಪರದಡಿ ಮಟ್ಟ ನೋಡಿ ಕೂರಿಸಿ. ತಳಕ್ಕೂ ಎರಡೂ ಪಕ್ಕಕ್ಕೂ ಆಸರೆ ಕೊಡಿ. ಒಳಗಿನ ಮರ ತೆಗೆದಾಗ ಉಳಿಯುವುದು ನಾಲ್ಕೈದು ಎಂಎಂ ಹೊರ ಪದರ ಮಾತ್ರ, ಅದು ಬಾಗಿದರೆ ನೀವು ಹೊಸದನ್ನೂ ಬಾಗಿದ ಹಾಗೇ ಕಟ್ಟುತ್ತೀರಿ. ಕತ್ತರಿಸುವ ಮೊದಲು ರಟ್ಟಿನಲ್ಲಿ ಅಚ್ಚು ತೆಗೆಯಿರಿ, ಎಂಜಿನ್ ಬೋಲ್ಟ್ ತೂತುಗಳನ್ನೂ ಗುರುತು ಮಾಡಿ. ಎರಡು ಮೂಲೆಯಿಂದ ಮುಂದಿನ ತುದಿಗೆ ದಾರ ಹಿಡಿದು ಅಳತೆ ಬರೆದಿಡಿ.

ಕತ್ತರಿಸುವುದು ಒಳಬದಿಯಿಂದ. ಹೊರ ಪದರ ಉಳಿಯಬೇಕು, ಅದೇ ನಿಮ್ಮ ಅಚ್ಚು. ನಾಲ್ಕು ಅಂಗುಲದ ಗ್ರೈಂಡರ್‌ನಲ್ಲಿ ಒಳ ಪದರ ಮಾತ್ರ ಸೀಳುವಷ್ಟು ಆಳ ಇಟ್ಟು ಸುತ್ತ ಗೆರೆ ಹಾಕಿ ಎತ್ತಿ. ಕೊಳೆತ ಮರ ಉಳಿಯಲ್ಲಿ ಕೆರೆದರೆ ಬರುತ್ತದೆ. ಗಟ್ಟಿ ಉಳಿದ ಭಾಗ ಹಟ ಮಾಡುತ್ತದೆ, ಆದರೂ ಬಿಡಬೇಡಿ, ಅರ್ಧ ಹಳೇದು ಅರ್ಧ ಹೊಸದು ಮಾಡಿದರೆ ಸಂದಿನಲ್ಲೇ ಮತ್ತೆ ಶುರುವಾಗುತ್ತದೆ. ಕೊನೆಗೆ ಹೊರ ಪದರಕ್ಕೆ ಅಂಟಿದ ತೆಳು ಮರದ ಸಿಪ್ಪೆಯನ್ನು 36 ನಂಬರ್ ಡಿಸ್ಕ್‌ನಲ್ಲಿ ಉಜ್ಜಬೇಕು. ಇಲ್ಲಿ ಒಂದು ಉಪಾಯ ಇದೆ. ಸಂಜೆಗತ್ತಲಲ್ಲಿ ಹೊರಗಡೆಯಿಂದ ಟಾರ್ಚ್ ಹಿಡಿಸಿ ಒಳಗಿನಿಂದ ನೋಡಿ. ಹೊರಗಿನ ಬಣ್ಣ ತುಂಬಾ ಗಾಢ ಇಲ್ಲದಿದ್ದರೆ ಫೈಬರ್ ಜೇನು ಬಣ್ಣದಲ್ಲಿ ಬೆಳಗುತ್ತದೆ, ಉಳಿದ ಮರ ಕಪ್ಪು ಮಚ್ಚೆಯಾಗಿ ಕಾಣುತ್ತದೆ, ಜಾಸ್ತಿ ಉಜ್ಜಿದ ಜಾಗ ತೆಳುವಾಗಿ ಬಿಳಿಚಿಕೊಂಡಿರುತ್ತದೆ. ಎಲ್ಲಿ ಇನ್ನೂ ಉಜ್ಜಬೇಕು, ಎಲ್ಲಿ ಕೈ ಎತ್ತಬೇಕು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪಕ್ಕದ ಗೋಡೆ ಮತ್ತು ತಳವನ್ನೂ ಮೂಲೆಯಿಂದ ಒಳಕ್ಕೆ ಆರೇಳು ಅಂಗುಲ ಪೇಂಟ್ ಹೋಗುವ ತನಕ ಉಜ್ಜಿ, ಹೊಸ ಫೈಬರ್ ಹಿಡಿದುಕೊಳ್ಳುವುದು ಅಲ್ಲೇ. ಉಜ್ಜುವಾಗ ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೇ ಮಾಸ್ಕ್ ಇರಲೇಬೇಕು. ಮೈ ತುರಿಸಿದರೆ ತಣ್ಣೀರಲ್ಲಿ ತೊಳೆಯಿರಿ, ಬಿಸಿ ನೀರು ಬೇಡ.

ಪ್ಲೈ ತರುವಾಗ ಐಎಸ್ 710 (ಭಾರತೀಯ ಮಾನಕ) ಗುರುತು ಇರುವ ಮರೀನ್ ಪ್ಲೈ ಕೇಳಿ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಪದರ ಬಿಡುವುದಿಲ್ಲ ಅಂತ ಮಾತ್ರ ಅದರ ಅರ್ಥ, ನೀರಲ್ಲಿ ಬಿಟ್ಟರೆ ಮರ ಮರವೇ. 19 ಎಂಎಂನ ಎರಡು ತುಂಡು ಸೇರಿಸಿದರೆ 38 ಎಂಎಂ, ಅಂದರೆ ಒಂದೂವರೆ ಅಂಗುಲ. ಹಳೇ ಮರದ ಗಟ್ಟಿ ಭಾಗದಲ್ಲಿ ಅಳೆದು ಹೊಂದುತ್ತದಾ ನೋಡಿ. ಎಂಜಿನ್ ಕ್ಲಾಂಪ್ ಎಷ್ಟು ಬಾಯಿ ಬಿಡುತ್ತದೆ ಅಂತಲೂ ನೋಡಿ. ನಿಮ್ಮ ಅಳತೆಗೆ 8x4 ಹಾಳೆ ಒಂದೇ ಸಾಕು. ಎರಡು ತುಂಡಿನ ನಡುವೆ ರೆಸಿನ್‌ನಲ್ಲಿ ನೆನೆಸಿದ ಮ್ಯಾಟ್ (ಗಾಜಿನ ತುಂಡು ಎಳೆಗಳ ಹಾಸು) ಇಟ್ಟು ಸ್ಕ್ರೂ ಹಾಕಿ ಬಿಗಿದು, ಗಟ್ಟಿಯಾದ ಮೇಲೆ ಸ್ಕ್ರೂ ತೆಗೆದು ತೂತು ಮುಚ್ಚಿ. ಅಂಚುಗಳಿಗೆ ರೆಸಿನ್ ಎರಡು ಮೂರು ಸಲ ಕುಡಿಸಿ, ನೀರು ಒಳಗೆ ಹೋಗುವುದು ಅಂಚಿನಿಂದಲೇ.

ರೆಸಿನ್ ಯಾವುದು, ಪಾಲಿಯೆಸ್ಟರೋ ಎಪಾಕ್ಸಿಯೋ? ಎಪಾಕ್ಸಿ ಹಳೇ ಫೈಬರ್‌ಗೂ ಮರಕ್ಕೂ ಚೆನ್ನಾಗಿ ಅಂಟುತ್ತದೆ, ದುಡ್ಡು ಜಾಸ್ತಿ. ಎಪಾಕ್ಸಿ ಹಿಡಿದರೆ ಕೊನೆವರೆಗೂ ಎಪಾಕ್ಸಿಯೇ ಇರಲಿ, ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿ ಹಿಡಿಯುವುದಿಲ್ಲ. ಮಾಮೂಲಿ ಚಾಪ್ಡ್ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಎಪಾಕ್ಸಿಯಲ್ಲಿ ಕರಗುವುದಿಲ್ಲ, ಅದಕ್ಕೆ ನೇಯ್ದ ಬಟ್ಟೆ ಬೇಕು. ನಿಮ್ಮ ದೋಣಿಗೆ, ನಿಮ್ಮ ಎಂಜಿನ್‌ಗೆ, ಚೆನ್ನಾಗಿ ಒಣಗಿಸಿ ಉಜ್ಜಿದರೆ ಪಾಲಿಯೆಸ್ಟರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಕೆಜಿ ಹತ್ತಿರ ಬೇಕಾಗುತ್ತದೆ. ನೀರಿನ ಟ್ಯಾಂಕ್, ಫೈಬರ್ ಬಾಗಿಲು ಕೆಲಸ ಮಾಡುವವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಇಲ್ಲದಿದ್ದರೆ ಮಲ್ಪೆ, ಮಂಗಳೂರು ಕಡೆ ಹೋಗುವವರ ಕೈಲಿ ತರಿಸಿ.

ಇದೊಂದು ಮಾತ್ರ ಎರಡು ಸಲ ಓದಿ. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಅದನ್ನು ಗಟ್ಟಿಯಾಗಿಸಲು ಎರಡು ಬಾಟಲಿ ಕೊಡುತ್ತಾರೆ. ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂತಿರುವ ಕ್ಯಾಟಲಿಸ್ಟ್. ಇವೆರಡನ್ನೂ ನೇರವಾಗಿ ಸೇರಿಸಿದರೆ ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಒಂದೇ ಲೋಟ, ಒಂದೇ ಕಡ್ಡಿ ಕೂಡ ಬಳಸಬೇಡಿ. ಕೋಬಾಲ್ಟ್ ಅನ್ನು ರೆಸಿನ್‌ಗೆ ಮೊದಲೇ ಪೂರ್ತಿ ಕಲಸಿಸಿಕೊಂಡೇ ಮನೆಗೆ ತನ್ನಿ, ಆ ಬಾಟಲಿ ಮನೆಗೆ ಬರುವುದೇ ಬೇಡ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರಿಡಿ, ಮಕ್ಕಳನ್ನು ದೂರ ಇಡಿ. ಒಂದು ಕೆಜಿ ರೆಸಿನ್‌ಗೆ 10ರಿಂದ 20 ಎಂಎಲ್ ಕ್ಯಾಟಲಿಸ್ಟ್, ನಮ್ಮ ಮಾರ್ಚ್ ಬಿಸಿಲಿಗೆ ಕಡಿಮೆ ಕಡೆಯೇ ಇರಲಿ. ಒಂದು ಸಲಕ್ಕೆ ಅರ್ಧ ಕೆಜಿ ಮೀರಿ ಕಲಸಬೇಡಿ, ಡಬ್ಬಿಯಲ್ಲೇ ಕಾದು ಹೊಗೆ ಬರುತ್ತದೆ.

ಪ್ಲೈ ಕೂರಿಸುವ ಹಿಂದಿನ ದಿನ ಅಂಟು ಹಚ್ಚದೆ ಸುಮ್ನೆ ಒಮ್ಮೆ ಇಟ್ಟು ನೋಡಿ, ಸುತ್ತ ಕಾಲು ಅಂಗುಲ ಸಂದು ಇರಲಿ. ಅಂಟಿಗೆ ರೆಸಿನ್, ಅದನ್ನು ದಪ್ಪ ಮಾಡುವ ಏರೋಸಿಲ್ ಪುಡಿ, ಚೂರು ಮಾಡಿದ ಫೈಬರ್ ಸೇರಿಸಿ ದಪ್ಪ ಪುಟ್ಟಿ ಮಾಡಿ. ಮೊದಲು ಎರಡೂ ಮೈಗೆ ತೆಳು ರೆಸಿನ್ ಬಳಿದು, ಆಮೇಲೆ ಟೈಲ್ಸ್ ಹಾಕುವವರ ಹಲ್ಲಿನ ಕರಣೆಯಲ್ಲಿ ಪುಟ್ಟಿ ಎಳೆಯಿರಿ. ಪ್ಲೈಯಲ್ಲಿ ಅಲ್ಲಲ್ಲಿ ಸಣ್ಣ ತೂತು ಇದ್ದರೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಮೇಲ್ಗಡೆ ಸಿ-ಕ್ಲಾಂಪ್, ನಡುವೆ ಹಳೇ ಬೋಲ್ಟ್ ತೂತಲ್ಲೇ ಉದ್ದ ಬೋಲ್ಟ್. ಹೊರಗೆ ಒತ್ತು ಕೊಡಲು ಪ್ಲಾಸ್ಟಿಕ್ ಹಾಳೆ ಸುತ್ತಿದ ಮರದ ರೀಪರ್ ಇಡಿ. ಅಡಿಕೆ ದಬ್ಬೆ ಇಡಬೇಡಿ, ಅದು ನೇರ ಇರುವುದಿಲ್ಲ, ಹೊರ ಪದರ ಅದರಂತೆಯೇ ಬಾಗುತ್ತದೆ. ಸುತ್ತಲೂ ಪುಟ್ಟಿ ಉಕ್ಕಿ ಬಂದರೆ ಸಾಕು. ಇನ್ನೂ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಒಣ ಆಗುತ್ತದೆ.

ಗಟ್ಟಿಯಾದ ಮೇಲೆ ಮೂಲೆಗಳಿಗೆ ಪುಟ್ಟಿ ತುಂಬಿ ಪಿವಿಸಿ ಪೈಪ್ ತುಂಡಿನಲ್ಲಿ ಎಳೆದು ಗುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಫೈಬರ್ ಕೂರುವುದಿಲ್ಲ, ಕೆಳಗೆ ಗಾಳಿ ನಿಲ್ಲುತ್ತದೆ. ಮೇಲಂಚನ್ನೂ ಹಾಗೆಯೇ ದುಂಡು ಮಾಡಿ. ಆಮೇಲೆ ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್, 600 ಗ್ರಾಂ ತೂಗುವ ನೇಯ್ದ ರೋವಿಂಗ್ (ದಪ್ಪ ಗಾಜಿನೆಳೆಯ ಬಟ್ಟೆ), ಮತ್ತೆ ಮ್ಯಾಟ್, ರೋವಿಂಗ್, ಕೊನೆಗೆ ಮ್ಯಾಟ್. ಒಟ್ಟು 4–5 ಎಂಎಂ ದಪ್ಪ ಬರುತ್ತದೆ. ಮೊದಲ ಪದರ ಪಕ್ಕದ ಗೋಡೆಗೆ ಎರಡು ಅಂಗುಲ ಹತ್ತಲಿ, ನಂತರದವು ನಾಲ್ಕು, ಆರು ಅಂತ ಮುಂದೆ ಹೋಗಲಿ. ಎಲ್ಲವೂ ಒಂದೇ ಗೆರೆಯಲ್ಲಿ ನಿಂತರೆ ಅಲ್ಲೇ ಸೀಳುತ್ತದೆ. ಗೆರೆಗಳಿರುವ ರೋಲರ್‌ನಲ್ಲಿ ಒತ್ತಿ ಬಿಳಿ ಮಚ್ಚೆ ಒಂದೂ ಉಳಿಯದಂತೆ ನೋಡಿ. ಕೊನೇ ಕೋಟ್‌ಗೆ ಮೇಣ ಬೆರೆಸಿದ ರೆಸಿನ್ ಬೇಕು, ಇಲ್ಲದಿದ್ದರೆ ಮೇಲ್ಮೈ ಅಂಟಂಟಾಗಿಯೇ ಇರುತ್ತದೆ.

ಈಗ ತೂತುಗಳು. ನಿಮ್ಮ ಹಳೇ ಟ್ರಾನ್ಸಮ್ ಕೊಂದಿದ್ದು ಇವೇ. 10 ಎಂಎಂ ಬೋಲ್ಟ್‌ಗೆ ಮೊದಲು 20 ಎಂಎಂ ತೂತು ಹಾಕಿ, ಅದನ್ನು ಎಪಾಕ್ಸಿ ಪುಟ್ಟಿಯಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಕೊರೆಯಿರಿ. ಇನ್ನು ಬೋಲ್ಟ್ ಮರಕ್ಕೆ ತಾಗುವುದೇ ಇಲ್ಲ, ನೀರು ಬಂದರೂ ಪ್ಲೈಗೆ ದಾರಿ ಇಲ್ಲ. ಈ ಒಂದು ಕೆಲಸಕ್ಕೆ ಸಣ್ಣ ಎಪಾಕ್ಸಿ ಪ್ಯಾಕ್ ತಂದರೂ ದುಬಾರಿ ಅಲ್ಲ. ನೀರು ಬಿಡುವ ತೂತಿಗೂ ಇದೇ ಪಾಠ. ಫಿಶ್ ಫೈಂಡರ್ ಹಾಕುವ ಆಸೆ ಇದ್ದರೆ ಹೊರಗೊಂದು ಫೈಬರ್ ತುಂಡು ಅಂಟಿಸಿ ಸ್ಕ್ರೂ ಅದಕ್ಕೇ ಹಾಕಿ, ಟ್ರಾನ್ಸಮ್‌ಗೆ ಸ್ಕ್ರೂ ಬೇಡ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಒಳಗೆ ಅಗಲ ವಾಷರ್ ಅಥವಾ ಅಲ್ಯೂಮಿನಿಯಂ ಪ್ಲೇಟ್, ಸಂದಿಗೆ ಪಾಲಿಯುರಿಥೇನ್ ಸೀಲೆಂಟ್. ಆ ಪ್ಲೇಟ್‌ಗೆ ಜಾಗ ಇರುವುದು ಇಲ್ಲಿ, ಗಟ್ಟಿ ಟ್ರಾನ್ಸಮ್ ಮೇಲೆ.

ಒಂದು ವಾರ ಬಿಟ್ಟು ಎಂಜಿನ್ ಏರಿಸಿ. ಮೊದಲು ದಡದ ಹತ್ತಿರ ನಿಧಾನ ಓಡಿಸಿ, ಬಂದ ಮೇಲೆ ಬೋಲ್ಟ್ ಮತ್ತೊಮ್ಮೆ ಬಿಗಿದು ನೋಡಿ. ಎಂಜಿನ್‌ಗೆ ಒಂದು ಸೇಫ್ಟಿ ಚೈನ್ ಹಾಕಿ. ಮಳೆಗಾಲದಲ್ಲಿ ಎಂಜಿನ್ ಇಳಿಸಿ, ದೋಣಿಯ ಮೂತಿ ಮೇಲೆ ಮಾಡಿ, ತಳದ ಬಿರಡೆ ತೆಗೆದು, ಟಾರ್ಪಾಲ್ ಹಾಕಿಡಿ.

ಪ್ಲೈ ಆರ್ಡರ್ ಮಾಡುವ ಮೊದಲು ಆ ತೂತಿನ ಪುಡಿಯ ಫೋಟೋ, ಹಳೇ ಮರದ ದಪ್ಪ, ಮೇಲಂಚಿನಿಂದ ತಳದವರೆಗಿನ ಎತ್ತರ ಇಲ್ಲಿ ಹಾಕಿ. ಎಂಜಿನ್ ಶಾಫ್ಟ್ 15 ಅಂಗುಲದ್ದಾ 20ರದ್ದಾ ಅಂತಲೂ ಹೇಳಿ, ಹಳೇ ಮಾಲೀಕರು ಟ್ರಾನ್ಸಮ್ ಎತ್ತರ ಕತ್ತರಿಸಿದ್ದರೆ ಈಗಲೇ ಸರಿಮಾಡಿಕೊಳ್ಳಬಹುದು.