ಆ ಅನ್ನ ನನ್ನ ದುಡ್ಡಿನದಾಗಿರಲಿಲ್ಲ

ದೇವರ ಮೇಲೆ ಭಾರ ಹಾಕಿ, ಕಲಬೆರಕೆ ಮಾಡದೆ, ಬಂದಿದ್ದರಲ್ಲಿ ಹತ್ತರಲ್ಲೊಂದು ಪಾಲು ದಾನ ಮಾಡ್ತಾ ಅಂಗಡಿ ನಡೆಸಿದರೆ ಗೆಲ್ತೀನಾ, ಮುಳುಗ್ತೀನಾ ಅಂತ ಕೇಳಿದ್ದೀರಿ. ಓದಿದಾಗ ಇದನ್ನ ನಾನೇ ಯಾವಾಗಲೋ ಬರೆದಿದ್ದೆನಾ ಅನ್ನಿಸ್ತು.

ಮಂಡ್ಯದಲ್ಲಿ ನನ್ನದು ಬೆಲ್ಲದ ಅಂಗಡಿ. 2014ರಲ್ಲಿ ಶುರು ಮಾಡಿದಾಗ ಗಲ್ಲಾದ ಮೇಲೆ ಮಂಜುನಾಥಸ್ವಾಮಿ ಫೋಟೋ, ಅದರ ಕೆಳಗೆ ನನ್ನ ಕೈಬರಹದಲ್ಲೇ ಮೂರು ಸಾಲು ಅಂಟಿಸಿದ್ದೆ: ಔಷಧಿ ಹಾಕಿದ ಬೆಲ್ಲ ಮಾರಲ್ಲ. ತೂಕದಲ್ಲಿ ಮೋಸ ಇಲ್ಲ. ಕೇಳಿ ಬಂದವರನ್ನ ಬರಿಗೈಲಿ ಕಳಿಸಲ್ಲ.

ನೀವು ಹೆದರ್ತಿರೋದು ಮೊದಲನೇ ಸಾಲಿನಂಥದ್ದಕ್ಕೆ. ಅದರಿಂದ ಕಷ್ಟ ಆಯ್ತು, ನಷ್ಟ ಆಗಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ ಕಬ್ಬಿನ ಹಾಲಿನ ಕೊಳೆ ತೆಗೆಯೋಕೆ ಹಿಂದೆ ಬೆಂಡೆಗಿಡದ ಲೋಳೆ, ಚೂರು ಸುಣ್ಣ ಹಾಕ್ತಿದ್ದರು. ಈಗ ಬಹಳ ಕಡೆ ಬಣ್ಣ ತಿಳಿ ಮಾಡೋ ಹೈಡ್ರೋಸ್ ಅನ್ನೋ ರಾಸಾಯನಿಕ ಪುಡಿ ಸುರೀತಾರೆ, ಬೆಲ್ಲ ಅರಿಶಿನದ ಥರ ಹೊಳೆಯುತ್ತೆ. ಅದರಿಂದ ಬೆಲ್ಲದಲ್ಲಿ ಉಳಿಯೋ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 70) ಮೀರಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ, ಅಳತೆ ಚಮಚ ಹಿಡ್ಕೊಂಡು ಹಾಕೋರನ್ನ ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ. ನನ್ನ ಅಚ್ಚುಬೆಲ್ಲ ಕಪ್ಪಗಿರೋದು. ಮಳೆಗಾಲದಲ್ಲಿ ಬೆವರೋದು ಬೇರೆ. "ಇದೇನಣ್ಣ, ಹಳೇದಾ?" ಅಂತ ಕೇಳಿ ವಾಪಸ್ ಹೋದವರು ಎಷ್ಟೋ ಜನ. ಎರಡು ಸಂಕ್ರಾಂತಿ ಹಂಗೇ ಹೋಯ್ತು. ಮೂರನೇ ಸಂಕ್ರಾಂತಿ ಹೊತ್ತಿಗೆ ಮೈಸೂರು, ಬೆಂಗಳೂರಿನವರು ಕಪ್ಪು ಬೆಲ್ಲವನ್ನೇ ಹುಡುಕಿಕೊಂಡು ಬಂದರು. ಅಷ್ಟೇ ಅದರ ಕತೆ.

ನನ್ನ ಮುಳುಗಿಸಿದ್ದು ಮೂರನೇ ಸಾಲು.

2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ, ಹೈವೇ ಬಂದ್. ಬೆಂಗಳೂರಿನ ಇಬ್ಬರು ಅಂಗಡಿಯವರು "ಕಷ್ಟ ಇದೆ ಸಾರ್, ಮುಂದಿನ ತಿಂಗಳು ಕೊಡ್ತೀವಿ" ಅಂದರು. ಪಾಪ ಅನ್ನಿಸಿ ಸಾಲದ ಮೇಲೆ ಸರಕು ಕಳಿಸಿದೆ. ಅದು ಔದಾರ್ಯ ಅಂದ್ಕೊಂಡಿದ್ದೆ. ಒಬ್ಬ ಆಲೆಮನೆ ಯಜಮಾನರಿಗೆ ನಾನು ಆಗ 1,86,000 ರೂಪಾಯಿ ಬಾಕಿ. ಐದು ಟನ್ ಬೆಲ್ಲದ ದುಡ್ಡು. ಒಂದು ಟನ್ ಬೆಲ್ಲ ಇಳಿಯೋಕೆ ಹೆಚ್ಚುಕಮ್ಮಿ ಹತ್ತು ಟನ್ ಕಬ್ಬು ಬೇಕು. ಅಂದರೆ ಯಾರದೋ ಒಂದು ಎಕರೆ ಕಬ್ಬಿನ ವರ್ಷದ ದುಡಿಮೆ ನನ್ನ ಗಲ್ಲಾದಲ್ಲಿ ಕೂತಿತ್ತು.

ನವೆಂಬರ್ 7, ಕಾರ್ತಿಕ ಸೋಮವಾರ. ಬೆಳಿಗ್ಗೆ ಗಲ್ಲಾ ಎಣಿಸಿದರೆ 62,000 ಇತ್ತು, ಮುಕ್ಕಾಲು ಪಾಲು ಐನೂರರ ನೋಟು. ಯಜಮಾನರಿಗೆ ಕೊಡೋಣ ಅಂತಲೇ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಅಷ್ಟರಲ್ಲಿ ನಮ್ಮೂರ ದೇವಸ್ಥಾನದ ಸಮಿತಿಯವರು ರಸೀದಿ ಪುಸ್ತಕ ಹಿಡ್ಕೊಂಡು ಬಂದರು. ಕಡೇ ಕಾರ್ತಿಕ ಸೋಮವಾರದ ಅನ್ನದಾನ ಒಬ್ಬರದೇ ಹೆಸರಲ್ಲಿ ಮಾಡಿಸ್ತಾರಂತೆ. ನಲವತ್ತು ಸಾವಿರದ ಒಂದು. ಆ ರಬ್ಬರ್ ಬ್ಯಾಂಡ್ ಬಿಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಯಾರೂ ಬಲವಂತ ಮಾಡಲಿಲ್ಲ. "ಕೊಟ್ಟಿದ್ದು ಮೂರರಷ್ಟು ಬರುತ್ತೆ ಬಿಡಿ" ಅಂತ ನಾನೇ ಅಂದೆ. ಅವರೆದುರಿಗೆ ಕಾಫಿ ಕೂಡ ತರಿಸಿದೆ.

ಮಾರನೇ ದಿನ ರಾತ್ರಿ 8ಕ್ಕೆ ಟಿವಿಯಲ್ಲಿ ನೋಟು ರದ್ದು. ವ್ಯಾಪಾರ ನಿಂತೇಹೋಯ್ತು, ಬೆಂಗಳೂರಿನವರು ಫೋನ್ ಎತ್ತೋದನ್ನೇ ಬಿಟ್ಟರು. ಯಜಮಾನರ ಬಾಕಿ ಮಾರ್ಚ್‌ವರೆಗೂ ಎಳೀತು. ನೋಟು ರದ್ದಾಯ್ತಲ್ಲ, ಅದಕ್ಕೇ ಹಿಂಗಾಯ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ಸುಳ್ಳು ಅದು. ನೋಟು ರದ್ದಾಗಿದ್ದು ಮಂಗಳವಾರ. ನಾನು ತಪ್ಪು ಮಾಡಿದ್ದು ಸೋಮವಾರ, ಹನ್ನೊಂದು ಗಂಟೆಗೆ, ಗಲ್ಲಾದಲ್ಲಿ ದುಡ್ಡಿದ್ದಾಗ. ಅವತ್ತು ಕೊಟ್ಟಿದ್ದರೆ ಅವರು ಅದನ್ನ ಬ್ಯಾಂಕಿಗಾದರೂ ಕಟ್ಟಿಕೊಳ್ಳೋರು.

ನವೆಂಬರ್ 28ಕ್ಕೆ ಅನ್ನದಾನ ಆಯ್ತು. ಅನ್ನ, ಹುಳಿ, ಪಾಯಸ. ಪಾಯಸಕ್ಕೆ ಬೆಲ್ಲವೂ ಯಜಮಾನರ ಆಲೆಮನೆಯದೇ. ನಾನು ಪಂಚೆ ಉಟ್ಟು ಬಡಿಸ್ತಿದ್ದೆ. ಪಂಕ್ತಿಯಲ್ಲಿ ಯಜಮಾನರು ಕೂತಿದ್ದರು. ಬೈಯಲಿಲ್ಲ. ಎಲೆ ಮಡಚಿ ಎದ್ದು ಬಂದು, "ಪಾಯಸ ಚೆನ್ನಾಗದೆ ಕನಪ್ಪ. ನನ್ ದುಡ್ಡು, ನಿನ್ ಹೆಸ್ರು" ಅಂದು ಕೈ ತೊಳೆಯೋಕೆ ಹೋದರು.

ಇನ್ನೊಂದು ಹೇಳ್ಬೇಕು. ನಮ್ಮಪ್ಪ ಕಬ್ಬು ಬೆಳೆಗಾರ. ಕಾರ್ಖಾನೆಯವರು ಬಾಕಿ ಕೊಡದಿದ್ದಾಗ ರಸ್ತೆಯಲ್ಲಿ ಕೂತು ಧಿಕ್ಕಾರ ಕೂಗಿದೋರು, ಪಕ್ಕದಲ್ಲಿ ನಾನೂ ಕೂಗಿದ್ದೆ. ಕಬ್ಬು ತಗೊಂಡ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ, ಅಪ್ಪನಿಗೆ ಅದು ಬಾಯಿಪಾಠ. ನಾನು ನಾಲ್ಕೂವರೆ ತಿಂಗಳು ಉಳಿಸ್ಕೊಂಡೆ. ಹಣೆಗೆ ವಿಭೂತಿ ಬೇರೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗಲಿಲ್ಲ. ದಾನ ಮಾಡಿದರೆ ವ್ಯಾಪಾರ ಉಳಿಯುತ್ತಾ ಅಂತ ಕೇಳ್ತಿದ್ದೀರಿ. ಯಾರ ದುಡ್ಡು ದಾನ ಮಾಡ್ತೀರಿ ಅಂತ ಮೊದಲು ಹೇಳಿ. ಬಂದಿದ್ದರಲ್ಲಿ ಹತ್ತರಲ್ಲೊಂದು ಅಂದಿರಿ. ಬಂದಿದ್ದು ನಿಮ್ಮದಲ್ಲ ಸ್ವಾಮಿ. ಸರಕು ಕೊಟ್ಟವನಿಗೆ, ಕೂಲಿಯವನಿಗೆ, ಬಾಡಿಗೆಗೆ, ಜಿಎಸ್‌ಟಿಗೆ ಹೋಗಿ ಮಿಕ್ಕಿದ್ದು ನಿಮ್ಮದು. ಅದರಲ್ಲಿ ಹತ್ತರಲ್ಲೊಂದಲ್ಲ, ಅರ್ಧ ಕೊಡಿ, ಯಾರು ಬೇಡ ಅಂದರು? ಸಾಲದ ಮೇಲೆ ಸರಕು ಕೊಡೋದನ್ನಂತೂ ದಾನದ ಲೆಕ್ಕಕ್ಕೆ ಸೇರಿಸಲೇಬೇಡಿ. ಕೊಡೋ ಮನಸ್ಸಿದ್ದರೆ ಎರಡು ಅಚ್ಚು ಬೆಲ್ಲ ಸುಮ್ಮನೆ ಕೊಟ್ಟುಬಿಡಿ, ಮರೆತುಬಿಡಿ.

ಇಂಥ ಕಡೆ ಎಲ್ಲರೂ ಸೈಕಲ್ ಅಗರಬತ್ತಿಯವರ ಉದಾಹರಣೆ ಎತ್ತುತಾರೆ. ಎತ್ತಲಿ, ಒಳ್ಳೇ ಉದಾಹರಣೆಯೇ. ಎನ್. ರಂಗರಾವ್ ಮೈಸೂರಿನಲ್ಲಿ ಆ ಕಂಪನಿ ಶುರು ಮಾಡಿದ್ದು 1948ರಲ್ಲಿ. ಅವರ ಹೆಸರಿನಲ್ಲಿ ದೃಷ್ಟಿಯಿಲ್ಲದ ಹೆಣ್ಣುಮಕ್ಕಳಿಗೆ ಶಾಲೆ ಆಗಿದ್ದು 1988ರಲ್ಲಿ. ನಡುವೆ 40 ವರ್ಷ. ಅಲ್ಲಿಯವರೆಗೆ ಕೊಟ್ಟಿಲ್ಲ ಅಂತಲ್ಲ ನನ್ನ ಮಾತು. ನಾನು ಅಂಗಡಿ ತೆಗೆದ ಎರಡನೇ ವರ್ಷಕ್ಕೇ ಧರ್ಮಾಧಿಕಾರಿ ಆಗೋಕೆ ಹೊರಟಿದ್ದೆ.

ಯಜಮಾನರ ಬಾಕಿಯನ್ನ ಹೆಂಡತಿಯ ಬಳೆ ಅಡ ಇಟ್ಟು ತೀರಿಸಿದೆ. ಬಳೆ ಬಿಡಿಸಿಕೊಳ್ಳೋಕೆ ಒಂದೂವರೆ ವರ್ಷ ಹಿಡೀತು. ಈಗ ಪ್ರತಿ ಸೋಮವಾರ ಅಂಗಡಿ ಬಾಗಿಲು ಹಾಕೋ ಮೊದಲು ಆಲೆಮನೆಯವರ ದುಡ್ಡು ಹೋಗಿಬಿಡುತ್ತೆ. ಮಿಕ್ಕಿದ್ದು ಬೇರೆ ಡಬ್ಬಿಗೆ. ವರ್ಷಕ್ಕೊಂದು ಸಲ ಆ ಡಬ್ಬಿ ಒಡೆದು ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಕೊಡಿಸ್ತೀನಿ, ಕೆಲವು ವರ್ಷ ಅದರಲ್ಲಿ ನೋಟ್‌ಬುಕ್ಕಿಗೆ ಸಾಲೋಷ್ಟೂ ಇರಲ್ಲ. ಯಜಮಾನರು ಈಗಲೂ ನನಗೇ ಬೆಲ್ಲ ಕೊಡ್ತಾರೆ. ತೂಕ ಮಾತ್ರ ಅವರೆದುರಿಗೇ ಆಗಬೇಕು.

ದೇವಸ್ಥಾನದ ಗೋಡೆ ಮೇಲೆ ನನ್ನ ಹೆಸರು, ರೂ. 40,001 ಅಂತ ನೀಲಿ ಬಣ್ಣದಲ್ಲಿ ಇನ್ನೂ ಇದೆ. ಅಳಿಸಿಬಿಡಿ ಅಂತ ಸಮಿತಿಯವರನ್ನ ಎರಡು ಸಲ ಕೇಳಿದೆ. ಸುಣ್ಣ ಬಳಿಸೋವಾಗ ನೋಡೋಣ ಅಂದಿದ್ದಾರೆ.