ಪಾರ್‌ಬಾಯ್ಲ್ ಅಂದರೆ ‘ಅರ್ಧ ಬೇಯಿಸು’ ಅಂತಾನಾ?

‘ಪಾರ್ಟ್’ ಜೊತೆ ‘ಬಾಯ್ಲ್’ ಸೇರಿ ಪಾರ್‌ಬಾಯ್ಲ್ ಆಯಿತಾ, ಹಾಗಾದರೆ ಪಾರ್‌ಬಾಯ್ಲ್ಡ್ ಅಕ್ಕಿ ಬೇಗ ಬೇಯುತ್ತಾ ಅಂತ ಕೇಳಿದ್ದೀರಿ. ಬೇಯಲ್ಲ. ಬೇಯುತ್ತೆ ಅಂದುಕೊಂಡು ನಾನು ಬೀಗರ ಊಟ ಕೆಡಿಸಿದ್ದೇನೆ.

ಮಂಡ್ಯದಲ್ಲಿ ತಂಗಿ ಮನೆಗೆ ಬೀಗರು ಬರುವವರಿದ್ದರು, 15 ಜನ. ಬಿರಿಯಾನಿ ನನ್ನದು ಅಂತ ಒಪ್ಪಿಕೊಂಡಿದ್ದೆ. ಇಂಗ್ಲಿಷ್ ರೆಸಿಪಿಯಲ್ಲಿ ಅಕ್ಕಿಯನ್ನು ಪಾರ್‌ಬಾಯ್ಲ್ ಮಾಡಿ, ಮಾಂಸದ ಮೇಲೆ ಹರಡಿ, ದಮ್ ಕಟ್ಟಿ ಅಂತಿತ್ತು. ಮೈಸೂರಿನ ಸಂತೆಪೇಟೆಯಲ್ಲಿ ಒಂದು ಚೀಲದ ಮೇಲೆ ‘ಪಾರ್‌ಬಾಯ್ಲ್ಡ್ ರೈಸ್’ ಅಂತ ಅಚ್ಚಾಗಿತ್ತು. ಅರ್ಧ ಕೆಲಸ ಮಿಲ್ಲಿನವರೇ ಮುಗಿಸಿದ್ದಾರೆ ಅಂತ ಅದನ್ನೇ ತಂದೆ.

ನಾನು ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಕುಸುಬಲಕ್ಕಿ. ನಾವು ಇಡ್ಲಿಗೆ ನೆನೆಹಾಕುತ್ತೇವಲ್ಲ, ಕರಾವಳಿಯವರು ದಿನಾ ಉಣ್ಣುತ್ತಾರಲ್ಲ, ಅದೇ. ಅಲ್ಲಿ ಬೇಯಿಸುವುದು ಅಕ್ಕಿಯನ್ನಲ್ಲ, ಭತ್ತವನ್ನು. ಹೊಟ್ಟಿನ ಸಮೇತ ನೆನೆಸಿ, ಹಬೆ ಕೊಟ್ಟು, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಹಬೆಗೆ ಕಾಳಿನೊಳಗಿನ ಪಿಷ್ಟ ಅಂಟಂಟಾಗಿ, ಒಣಗಿದ ಮೇಲೆ ಬಿಗಿದುಕೊಳ್ಳುತ್ತದೆ. ಅದಕ್ಕೇ ಅದು ನಮ್ಮ ಮಾಮೂಲಿ ಅಕ್ಕಿಗಿಂತ ಜಾಸ್ತಿ ಹೊತ್ತು ಬೇಯಬೇಕು. ನಾನು ಎಸರಿಗೇ ಹಾಕಲಿಲ್ಲ. ಸುಮ್ನೆ ತೊಳೆದು ಮಾಂಸದ ಮೇಲೆ ಹರಡಿ 25 ನಿಮಿಷ ದಮ್ ಕಟ್ಟಿದೆ. ಮುಚ್ಚಳ ತೆಗೆದಾಗ ಘಮ ಘಮ. ಅಗುಳು ಮಾತ್ರ ಹಲ್ಲಿಗೆ ಕಟಕಟ. ಬಿಸಿನೀರು ಸುರಿದು ಮತ್ತೆ ಬೇಯಿಸಿದೆ. ಮಾಂಸ ಮೂಳೆ ಬಿಟ್ಟು ಪುಡಿಯಾಯಿತು, ಅಕ್ಕಿ ಅಲ್ಲಲ್ಲಿ ಹಾಗೇ ಉಳಿಯಿತು. ಕೊನೆಗೆ 3 ಗಂಟೆಗೆ ತಂಗಿ ಮುದ್ದೆ ಕಟ್ಟಿ, ಉಪ್ಸಾರು ಮಾಡಿ ಬಡಿಸಿದಳು. ಬೀಗರು ಏನೂ ಅನ್ನಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಆಮೇಲೆ ನಿಘಂಟು ನೋಡಿದೆ. ಲ್ಯಾಟಿನ್‌ನಲ್ಲಿ ‘ಪೆರ್’ ಅಂದರೆ ಪೂರ್ತಿ, ‘ಬುಲ್ಲಿರೆ’ ಅಂದರೆ ಕುದಿಯುವುದು. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ಮೂಲದ ಅರ್ಥ ಚೆನ್ನಾಗಿ ಬೇಯಿಸು ಅಂತ! ಇಂಗ್ಲಿಷರು ‘ಪಾರ್’ ಅನ್ನು ‘ಪಾರ್ಟ್’ ಅಂದುಕೊಂಡು ಅರ್ಥವೇ ತಲೆಕೆಳಗಾಯಿತು. ಇವತ್ತು ರೆಸಿಪಿಯಲ್ಲಿ ನೀವು ಹೇಳಿದ ಅರ್ಥವೇ ಸರಿ, ಪದದ ಹುಟ್ಟು ಮಾತ್ರ ಬೇರೆ.

ಆದರೆ ಪದ ಬಿಡಿಸಿ ನೋಡಿ ಅಡುಗೆಗೆ ಇಳಿಯಬೇಡಿ. ‘ಅರ್ಧ’ ಅನ್ನೋ ಲೆಕ್ಕವೂ ಬೇಡ, ಬಿರಿಯಾನಿಗೆ ಮುಕ್ಕಾಲು ಬೇಯಬೇಕು. ಬಾಸುಮತಿಯನ್ನು ಅರ್ಧ ಗಂಟೆ ನೆನೆಸಿ, ಮರಳುವ ನೀರಿಗೆ ಹಾಕಿ. 5 ನಿಮಿಷ ಆದಮೇಲೆ ಒಂದೊಂದೇ ಅಗುಳು ತೆಗೆದು ಹಿಸುಕುತ್ತಾ ಇರಿ. ಹೊರಗೆ ಮೆತ್ತಗಾಗಿ ನಡುವೆ ಎಳೆಯಷ್ಟು ಗಟ್ಟಿ ಇದ್ದಾಗ ಬಸಿದುಬಿಡಿ. ಮನೆಯಲ್ಲಿ ಕುಸುಬಲಕ್ಕಿ ಇದ್ದರೆ ಇಡ್ಲಿಗೆ ಇಟ್ಟುಕೊಳ್ಳಿ.